ನಕ್ಷೆಯ ಪರೀಕ್ಷೆಗೆ ಕಾಣದ ಸುರುಳಿ

ಇಂಡಕ್ಷನ್ ಒಲೆಯ ಮೇಲೆ ಪಾತ್ರೆಯಿಡದೆ ಗುಂಡಿ ಒತ್ತಿದರೆ ಅದು ನಾಲ್ಕಾರು ಸಲ ಬೀಪ್ ಎಂದು ಸುಮ್ಮನಾಗುತ್ತದೆ. ತಕ್ಕ ಪಾತ್ರೆ ಇಟ್ಟ ಕೂಡಲೇ ಕೆಲಸಕ್ಕೆ ತೊಡಗುತ್ತದೆ. ಗಾಜಿನ ಹಾಸಿನ ಕೆಳಗೆ ಪಾತ್ರೆಯನ್ನು ನೋಡುವ ಕ್ಯಾಮೆರಾ ಇಲ್ಲ, ತೂಕ ಹೇಳುವ ತಕ್ಕಡಿಯೂ ಇಲ್ಲ. ಅಲ್ಲಿರುವುದು ಚಪ್ಪಟೆಯಾಗಿ ಸುತ್ತಿದ ತಂತಿಯ ಒಂದು ಸುರುಳಿ. ಹತ್ತಿರಕ್ಕೆ ಲೋಹ ಬಂದಾಗ ಆ ಸುರುಳಿಯ ವಿದ್ಯುತ್ ನಡವಳಿಕೆ ಬದಲಾಗುತ್ತದೆ, ಒಲೆಯ ಒಳಗಿನ ಚಿಪ್ ಆ ಬದಲಾವಣೆಯನ್ನು ಓದಿ ಪಾತ್ರೆ ಇದೆ ಎಂದು ತೀರ್ಮಾನಿಸುತ್ತದೆ. ಇದೇ ತತ್ತ್ವವನ್ನು ನಾಣ್ಯದ ಗಾತ್ರಕ್ಕೆ ಇಳಿಸಿ, ತಂತಿಯ ಬದಲು ಸರ್ಕ್ಯೂಟ್ ಬೋರ್ಡಿನ ಮೇಲಿನ ತಾಮ್ರದ ಗೆರೆಯನ್ನೇ ಸುರುಳಿಯಾಗಿ ಮೂಡಿಸಿದರೆ ಇಂಡಕ್ಟಿವ್ ಸೆನ್ಸರ್ ಸಿದ್ಧವಾಗುತ್ತದೆ. ಇಂದು ಕಾರಿನ ಆಕ್ಸಿಲರೇಟರ್ ಪೆಡಲ್ ಎಷ್ಟು ತುಳಿಯಲ್ಪಟ್ಟಿದೆ, ಸ್ಟೀರಿಂಗ್ ಮೇಲೆ ಎಷ್ಟು ಬಲ ಬಿದ್ದಿದೆ, ವಿದ್ಯುತ್ ವಾಹನದ ಮೋಟಾರಿನ ರೋಟರ್ ಯಾವ ಕೋನದಲ್ಲಿದೆ ಎಂದು ಹೇಳುವ ಕೆಲಸಕ್ಕೆ ಇಂಥ ಸುರುಳಿಗಳು ನಿಂತಿವೆ. ಕಾರ್ಖಾನೆಯಲ್ಲಿ ಎಣ್ಣೆ, ನೀರು ತಾಗಿದರೂ ಸರಿಯಾಗಿ ಅಳೆಯುವ ಕೆಲವು ಡಿಜಿಟಲ್ ಕ್ಯಾಲಿಪರ್‌ಗಳ ಒಳಗೂ ಇವೇ ಇವೆ. ಸವೆಯುವ ಭಾಗವಿಲ್ಲ, ಅಯಸ್ಕಾಂತ ಬೇಕಿಲ್ಲ, ಧೂಳು ಕೂತರೂ ತೊಂದರೆಯಿಲ್ಲ. ಬೋರ್ಡ್ ಹೇಗೂ ಮಾಡಿಸಬೇಕಾದ್ದರಿಂದ ಸುರುಳಿಗೆಂದು ಬೇರೆ ಖರ್ಚೂ ಇಲ್ಲದಂತೆ ಕಾಣುತ್ತದೆ. ಈ ಪುಕ್ಕಟೆತನವೇ ಅದರ ಅಪಾಯ. ಹಣ ಕೊಟ್ಟು ಕೊಂಡ ಬಿಡಿಭಾಗವನ್ನು ಎಂಜಿನಿಯರ್ ಪರೀಕ್ಷಿಸುತ್ತಾನೆ. ತಾನೇ ಬರೆದ ಗೆರೆಯನ್ನು ಬರೆದಾಯಿತೆಂದು ಬಿಟ್ಟುಬಿಡುತ್ತಾನೆ. ಆದರೆ ಬೋರ್ಡನ್ನು ಪರೀಕ್ಷಿಸಲು ಈ ಉದ್ಯಮ ಕಟ್ಟಿಕೊಂಡಿರುವ ವ್ಯವಸ್ಥೆಯಲ್ಲಿ ಸುರುಳಿಯ ಎಷ್ಟೋ ತಪ್ಪುಗಳು ಕಾಣಿಸುವುದೇ ಇಲ್ಲ. ಆದ್ದರಿಂದ ಸುರುಳಿಯನ್ನು ಅಳೆದು ಖಚಿತಪಡಿಸಿಕೊಳ್ಳುವ ಕೆಲಸವನ್ನು ವಿನ್ಯಾಸದ ಅರ್ಧಭಾಗವೆಂದೇ ಎಣಿಸಬೇಕು ಎಂಬುದು ಈ ಲೇಖನದ ವಾದ.

ಮೊದಲು ಕೆಲಸದ ಬಗೆ ತಿಳಿಯೋಣ. ಸುರುಳಿಯಲ್ಲಿ ಸೆಕೆಂಡಿಗೆ ಲಕ್ಷಾಂತರ ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿದರೆ ಸುತ್ತಲೂ ಅಷ್ಟೇ ವೇಗದಲ್ಲಿ ಬದಲಾಗುವ ಕಾಂತಕ್ಷೇತ್ರ ಹುಟ್ಟುತ್ತದೆ. ಬದಲಾಗುವ ಕಾಂತಕ್ಷೇತ್ರ ವಾಹಕದಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ ಎಂಬುದನ್ನು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದ. ಹತ್ತಿರದ ಲೋಹದ ತಗಡಿನಲ್ಲಿ ಹೀಗೆ ಹುಟ್ಟುವ ವಿದ್ಯುತ್ ನೀರಿನ ಸುಳಿಯಂತೆ ತಿರುಗುವುದರಿಂದ ಅದಕ್ಕೆ ಸುಳಿ ಪ್ರವಾಹ ಎಂದು ಹೆಸರು. ಅದು ತನ್ನನ್ನು ಹುಟ್ಟಿಸಿದ ಕ್ಷೇತ್ರಕ್ಕೆ ಎದುರಾಗಿಯೇ ಹರಿಯುತ್ತದೆ. ಪರಿಣಾಮವಾಗಿ ಸುರುಳಿಯ ಇಂಡಕ್ಟೆನ್ಸ್, ಅಂದರೆ ಪ್ರವಾಹದ ಬದಲಾವಣೆಯನ್ನು ತಡೆದು ನಿಲ್ಲುವ ಅದರ ಗುಣ, ಕಡಿಮೆಯಾಗುತ್ತದೆ. ಭೌತವಿಜ್ಞಾನಿಗಳು ಇದನ್ನು ಲೆಕ್ಕ ಹಾಕಲು ಒಂದು ಸುಂದರವಾದ ಉಪಾಯ ಹೂಡಿದ್ದಾರೆ. ಚೆನ್ನಾಗಿ ವಿದ್ಯುತ್ ಹರಿಸುವ ಅಗಲವಾದ ತಗಡನ್ನು ಕನ್ನಡಿಯೆಂದೇ ಭಾವಿಸಬಹುದು. ಸುರುಳಿಯಿಂದ 5 ಮಿಲಿಮೀಟರ್ ದೂರದಲ್ಲಿ ತಗಡಿದ್ದರೆ, 10 ಮಿಲಿಮೀಟರ್ ದೂರದಲ್ಲಿ ಉಲ್ಟಾ ವಿದ್ಯುತ್ ಹರಿಯುವ ಇನ್ನೊಂದು ಸುರುಳಿಯಿದೆ ಎಂದುಕೊಂಡು ಲೆಕ್ಕ ಮಾಡಿದರೆ ಉತ್ತರ ಬಹುತೇಕ ಸರಿಯಾಗುತ್ತದೆ. ಈ ಸೆನ್ಸರಿನ ಎಲ್ಲ ಮಿತಿಯೂ ಈ ಒಂದು ಚಿತ್ರದಲ್ಲಿದೆ. ಬಿಂಬ ದೂರ ಸರಿದಂತೆ ಪ್ರಭಾವ ಬೇಗ ಕುಗ್ಗುತ್ತದೆ. ತಗಡು ಸುರುಳಿಯ ವ್ಯಾಸದಷ್ಟು ದೂರ ಹೋದರೆ ಉಳಿಯುವ ಬದಲಾವಣೆ ತೀರ ಸಣ್ಣದು. ವ್ಯಾಸದ ಐದನೇ ಒಂದು ಭಾಗದೊಳಗೆ ಇದ್ದರೆ ಅಳತೆ ಸಲೀಸು. ದೂರದಿಂದ ನೋಡಬೇಕಾದರೆ ದೊಡ್ಡ ಸುರುಳಿ ಬೇಕು, ಬೇರೆ ದಾರಿಯಿಲ್ಲ.

ಇಲ್ಲೊಂದು ವಿಚಿತ್ರವೂ ಇದೆ. ಸಾಮಾನ್ಯ ಇಂಡಕ್ಷನ್ ಒಲೆಯಲ್ಲಿ ಅಲ್ಯುಮಿನಿಯಂ ಪಾತ್ರೆ ಕಾಯುವುದಿಲ್ಲ, ಆದರೆ ಇಂಡಕ್ಟಿವ್ ಸೆನ್ಸರಿಗೆ ಅಲ್ಯುಮಿನಿಯಂ ಅತ್ಯುತ್ತಮ ಗುರಿ. ಒಲೆಗೆ ಬೇಕಾದದ್ದು ಶಾಖ. ಸುಳಿ ಪ್ರವಾಹ ಲೋಹದೊಳಗೆ ರೋಧವನ್ನು ಎದುರಿಸಿದರೆ ಮಾತ್ರ ಶಾಖ ಹುಟ್ಟುತ್ತದೆ, ಅಲ್ಯುಮಿನಿಯಂನಲ್ಲಿ ಆ ರೋಧ ಕಡಿಮೆ. ಸೆನ್ಸರಿಗೆ ಬೇಕಾದದ್ದು ಅಡೆತಡೆಯಿಲ್ಲದೆ ಹರಿದು ಎದುರು ಕ್ಷೇತ್ರ ಕಟ್ಟುವ ಪ್ರವಾಹ, ಹಾಗಾಗಿ ಒಲೆಗೆ ದೋಷವಾದದ್ದು ಇಲ್ಲಿ ಗುಣ. ತಗಡು ಎಷ್ಟು ದಪ್ಪವಿರಬೇಕು ಎಂಬುದನ್ನು ಆವರ್ತನ ತೀರ್ಮಾನಿಸುತ್ತದೆ. ಸೆಕೆಂಡಿಗೆ 10 ಲಕ್ಷ ಸಲ, ಅಂದರೆ 1 ಮೆಗಾಹರ್ಟ್ಸ್‌ನಲ್ಲಿ ಬದಲಾಗುವ ಪ್ರವಾಹ ಅಲ್ಯುಮಿನಿಯಂನ ಮೇಲಿನ ಸುಮಾರು 80 ಮೈಕ್ರಾನ್ ಪದರದಲ್ಲೇ ಬಹುಪಾಲು ಹರಿಯುತ್ತದೆ. ಅದರ ಎರಡು ಮೂರರಷ್ಟು ದಪ್ಪದ ತಗಡು ಸಾಕು, ಅಡುಗೆಮನೆಯ ಫಾಯಿಲ್ ಸಾಲದು.

ಈಗ ಒಂದು ಸುರುಳಿಯನ್ನು ಬರೆಯೋಣ. ಹೊರವ್ಯಾಸ 20 ಮಿಲಿಮೀಟರ್, ಈಗಿನ ಒಂದು ರೂಪಾಯಿ ನಾಣ್ಯದಷ್ಟು. ಗೆರೆಯ ಅಗಲ 0.15 ಮಿಲಿಮೀಟರ್, ಎರಡು ಗೆರೆಗಳ ನಡುವಿನ ಜಾಗವೂ ಅಷ್ಟೇ. ಒಂದು ಪದರದಲ್ಲಿ 20 ಸುತ್ತು ಹಾಕಿದರೆ ನಡುವೆ 8 ಮಿಲಿಮೀಟರ್ ಖಾಲಿ ಉಳಿಯುತ್ತದೆ. ಆ ಜಾಗವನ್ನೂ ತುಂಬಿಸೋಣ ಎನ್ನಿಸುವುದು ಸಹಜ, ಆದರೆ ತುಂಬಬಾರದು. ಒಳಗಿನ ಸಣ್ಣ ಸುತ್ತುಗಳು ಇಂಡಕ್ಟೆನ್ಸಿಗೆ ಸೇರಿಸುವುದು ಅತ್ಯಲ್ಪ, ರೋಧವನ್ನು ಮಾತ್ರ ಹೆಚ್ಚಿಸುತ್ತವೆ. ಇಂಥ ಚಪ್ಪಟೆ ಸುರುಳಿಗೆ ಲೆಕ್ಕದ ಸೂತ್ರ ಬಂದದ್ದು ಸಿಲಿಕಾನ್ ಚಿಪ್‌ಗಳ ಲೋಕದಿಂದ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸುಂದರರಾಜನ್ ಮೋಹನ್ ಮತ್ತು ಸಹೋದ್ಯೋಗಿಗಳು 1999ರಲ್ಲಿ ಪ್ರಕಟಿಸಿದ ಸರಳ ಸೂತ್ರಗಳನ್ನೇ ಇಂದು ಬೋರ್ಡ್ ವಿನ್ಯಾಸಕರೂ ಬಳಸುತ್ತಾರೆ. ಅದಕ್ಕೆ ಮುಂಚಿನ ಸೂತ್ರಗಳಲ್ಲಿ ಶೇಕಡಾ 20ರಷ್ಟು ತಪ್ಪು ಸಾಮಾನ್ಯವಾಗಿತ್ತು, ಇವು ಅದನ್ನು ಶೇಕಡಾ 3ರ ಆಸುಪಾಸಿಗೆ ತಂದವು. ಆ ತಂಡ ತನ್ನ ಸೂತ್ರಗಳನ್ನು ಕಂಪ್ಯೂಟರ್ ಲೆಕ್ಕದೊಂದಿಗೆ ಹೋಲಿಸಿ ನಿಲ್ಲಿಸಲಿಲ್ಲ, ಮಾಡಿಸಿದ ಸುರುಳಿಗಳನ್ನು ಅಳೆದೂ ನೋಡಿತು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ನಮ್ಮ ಸುರುಳಿಗೆ ಆ ಸೂತ್ರ ಹಾಕಿದರೆ ಒಂದು ಪದರಕ್ಕೆ ಸುಮಾರು 6.3 ಮೈಕ್ರೋಹೆನ್ರಿ ಬರುತ್ತದೆ. ಬೋರ್ಡಿನ ಹಿಂಬದಿಯಲ್ಲೂ ಅಂಥದೇ ಸುರುಳಿ ಬರೆದು ಎರಡನ್ನೂ ಜೋಡಿಸಿದರೆ ಮೊತ್ತ ಬರೀ ಎರಡು ಪಟ್ಟಲ್ಲ. ಒಂದರ ಕ್ಷೇತ್ರ ಇನ್ನೊಂದರ ಮೂಲಕ ಹಾಯುವುದರಿಂದ, ಆ ಹೊಂದಿಕೆಯ ಅಂಶ 0.7 ಎಂದು ಹಿಡಿದರೆ, ಸುಮಾರು 21 ಮೈಕ್ರೋಹೆನ್ರಿ ಸಿಗುತ್ತದೆ. ಪುಟ್ಟ ನಾಣ್ಯದಷ್ಟು ಜಾಗದಲ್ಲಿ ಒಟ್ಟು 1.76 ಮೀಟರ್ ಉದ್ದದ ತಾಮ್ರದ ಗೆರೆ ಮಲಗಿರುತ್ತದೆ, ಅದರ ರೋಧ 5.8 ಓಮ್. ಇದಕ್ಕೆ 330 ಪಿಕೋಫ್ಯಾರಡ್ ಕೆಪ್ಯಾಸಿಟರ್ ಜೋಡಿಸಿದರೆ ಜೋಡಿ 1.9 ಮೆಗಾಹರ್ಟ್ಸ್‌ನಲ್ಲಿ ಅನುರಣಿಸುತ್ತದೆ. ಲೋಹ ಹತ್ತಿರ ಬಂದು ಇಂಡಕ್ಟೆನ್ಸ್ ಶೇಕಡಾ 1 ಇಳಿದರೆ ಈ ಆವರ್ತನ ಶೇಕಡಾ ಅರ್ಧ ಏರುತ್ತದೆ. ಚಿಪ್ ಎಣಿಸುವುದು ಈ ಏರಿಕೆಯನ್ನು.

ಕಾಗದದ ಮೇಲೆ ಎಲ್ಲವೂ ಸರಿಯಿದೆ. ತಪ್ಪು ನುಸುಳುವುದು ಮುಂದೆ. ಸಾಮಾನ್ಯ ಬೋರ್ಡ್ ಒಂದನ್ನು ವಿನ್ಯಾಸ ಮಾಡಿದಾಗ ಸಾಫ್ಟ್‌ವೇರ್ ಎರಡು ಬಗೆಯ ತಪಾಸಣೆ ಮಾಡುತ್ತದೆ. ಸೇರಬೇಕಾದ ಬಿಂದುಗಳು ಸೇರಿವೆಯೇ? ಸೇರಬಾರದವು ದೂರವಿವೆಯೇ? ಬೋರ್ಡ್ ತಯಾರಾದ ಮೇಲೆ ಕಾರ್ಖಾನೆಯೂ ವಿದ್ಯುತ್ ಪರೀಕ್ಷೆಯ ಲೋಹದ ಮುಳ್ಳುಗಳನ್ನು ಊರಿ ಇವೇ ಎರಡು ಪ್ರಶ್ನೆಗಳನ್ನು ಕೇಳುತ್ತದೆ. ಲಕ್ಷಾಂತರ ಬೋರ್ಡುಗಳು ಈ ಎರಡು ಪ್ರಶ್ನೆಗಳ ಭರವಸೆಯ ಮೇಲೆ ಮಾರಾಟವಾಗುತ್ತವೆ, ಅದು ನ್ಯಾಯವೂ ಹೌದು. ಆದರೆ ಸುರುಳಿಯೆಂದರೆ ಮೊದಲಿನಿಂದ ಕೊನೆಯವರೆಗೆ ಒಂದೇ ತಂತಿ. ಅದರ ಮೊದಲ ಸುತ್ತೂ ಇಪ್ಪತ್ತನೇ ಸುತ್ತೂ ತಪಾಸಣೆಯ ಲೆಕ್ಕದಲ್ಲಿ ಒಂದೇ ಬಿಂದು. ಪಕ್ಕಪಕ್ಕದ ಎರಡು ಸುತ್ತುಗಳ ನಡುವೆ ತಾಮ್ರದ ಒಂದು ಎಳೆ ಉಳಿದು ಅವು ಅಂಟಿಕೊಂಡರೆ ಸಾಫ್ಟ್‌ವೇರೂ ಮುಳ್ಳೂ ತಕರಾರು ಎತ್ತುವುದಿಲ್ಲ, ತನ್ನೊಂದಿಗೆ ತಾನೇ ಸೇರಿದ ತಂತಿಯಲ್ಲಿ ಅವಕ್ಕೆ ದೋಷ ಕಾಣದು. ಕಾಂತಕ್ಷೇತ್ರಕ್ಕೆ ಮಾತ್ರ ಅದು ದೊಡ್ಡ ದೋಷ. ಅಂಟಿಕೊಂಡ ಸುತ್ತು ಮುಚ್ಚಿದ ಬಳೆಯಾಗಿ ತಾನೇ ಒಂದು ಲೋಹದ ಗುರಿಯಂತೆ ವರ್ತಿಸುತ್ತದೆ, ಶಕ್ತಿಯನ್ನು ನುಂಗುತ್ತದೆ, ಸುರುಳಿಯ ಗುಣಾಂಕ, ಅಂದರೆ ಕೆಲಸದ ಆವರ್ತನದಲ್ಲಿ ಅದರ ಇಂಡಕ್ಟೆನ್ಸ್ ಒಡ್ಡುವ ತಡೆ ಅದರ ರೋಧದ ಎಷ್ಟು ಪಟ್ಟು ಎಂಬ ಸಂಖ್ಯೆ, ಅರ್ಧಕ್ಕಿಂತ ಕೆಳಗೆ ಇಳಿಯುವುದುಂಟು. ಓಮ್ ಮೀಟರಿನಲ್ಲಿ ನೋಡಿದರೆ? 40 ಸುತ್ತಿನಲ್ಲಿ ಒಂದು ಸುತ್ತು ತಪ್ಪಿದರೆ ರೋಧ ಶೇಕಡಾ ಎರಡು ಮೂರರಷ್ಟು ಇಳಿಯುತ್ತದೆ. ತಾಮ್ರದ ದಪ್ಪದ ಸಹಜ ಏರುಪೇರೇ ಅದಕ್ಕಿಂತ ದೊಡ್ಡದು, ದೋಷ ಅದರಲ್ಲಿ ಮುಳುಗಿಹೋಗುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಸುಲಭವಾಗಿ ಆಗುವಂಥದು. ಎರಡು ಪದರಗಳ ಸುರುಳಿಯಲ್ಲಿ ವಿದ್ಯುತ್ ಎರಡರಲ್ಲೂ ಒಂದೇ ದಿಕ್ಕಿಗೆ ತಿರುಗಬೇಕು. ಮೇಲಿನದು ಹೊರಗಿನಿಂದ ಒಳಕ್ಕೆ ಪ್ರದಕ್ಷಿಣವಾಗಿ ಬಂದರೆ ಕೆಳಗಿನದು ಒಳಗಿನಿಂದ ಹೊರಕ್ಕೆ ಪ್ರದಕ್ಷಿಣವಾಗಿಯೇ ಹೋಗಬೇಕು. ಮೇಲಿನ ಚಿತ್ರವನ್ನು ಹಾಗೆಯೇ ನಕಲು ಮಾಡಿ ಕೆಳಗಿನ ಪದರಕ್ಕೆ ಅಂಟಿಸಿದರೆ ದಿಕ್ಕು ಉಲ್ಟಾ ಆಗುತ್ತದೆ. ಆಗ ಕ್ಷೇತ್ರಗಳು ಒಂದನ್ನೊಂದು ಕಳೆಯುತ್ತವೆ, 21 ಮೈಕ್ರೋಹೆನ್ರಿಯ ಬದಲು 4ಕ್ಕಿಂತ ಕಡಿಮೆ ಉಳಿಯುತ್ತದೆ. ಜೋಡಣೆ ಸರಿ, ಅಂತರ ಸರಿ, ಗೆರೆಯ ಉದ್ದ ಸರಿ, ಓಮ್ ಮೀಟರ್ ತೋರಿಸುವ 5.8 ಕೂಡ ಸರಿ. ಸೆನ್ಸರ್ ಮಾತ್ರ ನಿಷ್ಪ್ರಯೋಜಕ. ಇದರ ಮೇಲೆ ಇನ್ನೊಂದು ಮಾತಿದೆ. ಸುರುಳಿಯ ಎರಡು ತುದಿಗಳು ಸರ್ಕ್ಯೂಟಿನ ನಕ್ಷೆಯಲ್ಲಿ ಎರಡು ಬೇರೆ ಬಿಂದುಗಳಾಗಿದ್ದು, ಬರೆದ ಸುರುಳಿ ಅವನ್ನು ತಾಮ್ರದಿಂದಲೇ ಸೇರಿಸುವುದರಿಂದ ಸಾಫ್ಟ್‌ವೇರ್ ಅದನ್ನು ಶಾರ್ಟ್ ಸರ್ಕ್ಯೂಟ್ ಎಂದು ದೂರುತ್ತದೆ. ದೂರು ನಿಲ್ಲಿಸಲು ವಿನ್ಯಾಸಕ ಆ ಜಾಗಕ್ಕೆ ವಿನಾಯಿತಿ ಕೊಡುತ್ತಾನೆ. ಎಲ್ಲಿ ಹೆಚ್ಚು ಎಚ್ಚರ ಬೇಕೋ ಅಲ್ಲೇ ಕಾವಲು ಎತ್ತಿಹಾಕಿದಂತಾಯಿತು.

ಸುರುಳಿಯನ್ನು ಅಳೆಯಲೇಬೇಕೆಂಬ ವಾದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದೇ. ಕಾಂತಕ್ಷೇತ್ರವನ್ನು ಕಂಪ್ಯೂಟರಿನಲ್ಲೇ ಪೂರ್ತಿ ಲೆಕ್ಕ ಹಾಕುವ ಸಾಫ್ಟ್‌ವೇರ್‌ಗಳಿವೆ. ಎಂಐಟಿಯಲ್ಲಿ ಹುಟ್ಟಿ 1994ರಲ್ಲಿ ಪ್ರಕಟವಾದ ಫಾಸ್ಟ್‌ಹೆನ್ರಿ ಈಗಲೂ ಉಚಿತವಾಗಿ ಸಿಗುತ್ತದೆ. ದುಬಾರಿಯಾದವು ತಗಡು, ಸ್ಕ್ರೂ, ಪೆಟ್ಟಿಗೆ ಎಲ್ಲವನ್ನೂ ಮೂರು ಆಯಾಮದಲ್ಲಿ ಹಿಡಿಯುತ್ತವೆ. ಹೀಗಿರುವಾಗ ಬೋರ್ಡ್ ಅಳೆಯುವ ತಾಪತ್ರಯ ಏಕೆ? ಸಿಮ್ಯುಲೇಷನ್ ಬೇಡವೆಂದು ಯಾರೂ ಹೇಳಲಾರರು. ಹತ್ತು ಆಕಾರಗಳಲ್ಲಿ ಯಾವುದು ಒಳ್ಳೆಯದು ಎಂದು ಒಂದು ಬೋರ್ಡೂ ಮಾಡಿಸದೆ ತಿಳಿಯಲು ಅದೇ ಸಾಧನ. ಆದರೆ ಅದು ಉತ್ತರ ಕೊಡುವುದು ನಾವು ಕೊಟ್ಟ ಆಕಾರಕ್ಕೆ. ಎಷ್ಟೋ ಕಡೆ ಸಿಮ್ಯುಲೇಷನ್‌ಗೆ ಕೊಟ್ಟ ಚಿತ್ರ ಬೇರೆ, ಬೋರ್ಡ್ ಕಾರ್ಖಾನೆಗೆ ಹೋದ ಫೈಲ್ ಬೇರೆ. ಮೊದಲನೆಯದರಲ್ಲಿ ದಿಕ್ಕು ಸರಿಯಿದ್ದು ಎರಡನೆಯದರಲ್ಲಿ ತಪ್ಪಿದ್ದರೆ ಸಿಮ್ಯುಲೇಷನ್ ಮೌನವಾಗಿರುತ್ತದೆ. ಕಾರ್ಖಾನೆಗೆ ಹೋಗುವ ಫೈಲನ್ನೇ ಮತ್ತೆ ತೆರೆದು ಅದನ್ನೇ ಲೆಕ್ಕಕ್ಕೆ ಕೊಡುವ ಶಿಸ್ತು ಇದ್ದರೆ ಈ ದೋಷ ಹಣ ಖರ್ಚಾಗುವ ಮೊದಲೇ ಸಿಕ್ಕಿಬೀಳುತ್ತದೆ. ಸಿಮ್ಯುಲೇಷನ್ ಮಾಡುವವರು ಮೊದಲು ಕಲಿಯಬೇಕಾದದ್ದು ಇದನ್ನು.

ಎರಡನೆಯ ಆಕ್ಷೇಪ ಬೋರ್ಡ್ ತಯಾರಕರದು. ಗೆರೆಗಳನ್ನು ಬೆಳಕಿನಿಂದ ಮೂಡಿಸುವ ವಿಧಾನ ಬಹಳ ನಿಖರ, ಒಂದು ಬೋರ್ಡಿನ ಸುರುಳಿ ಸರಿಯಿದ್ದರೆ ಸಾವಿರದೂ ಸರಿಯಿರುತ್ತದೆ ಎಂಬುದು ಅವರ ಮಾತು. ಇದು ಅರ್ಧ ನಿಜ, ಆ ಅರ್ಧ ಬಹಳ ಬೆಲೆಯುಳ್ಳದ್ದು. ಇಂಡಕ್ಟೆನ್ಸನ್ನು ತೀರ್ಮಾನಿಸುವುದು ಸುತ್ತುಗಳ ಸಂಖ್ಯೆ ಮತ್ತು ಸರಾಸರಿ ವ್ಯಾಸ. ಆಸಿಡ್ ಸ್ವಲ್ಪ ಹೆಚ್ಚು ಕೊರೆದು 0.15 ಮಿಲಿಮೀಟರ್ ಗೆರೆ 0.13ಕ್ಕೆ ಸವೆದರೂ ಗೆರೆಯ ಮಧ್ಯಭಾಗ ಇದ್ದಲ್ಲೇ ಇರುವುದರಿಂದ ಇಂಡಕ್ಟೆನ್ಸ್ ಹೆಚ್ಚುಕಡಿಮೆ ಅಲುಗದು. ಕೈಯಲ್ಲಿ ಸುತ್ತಿದ ತಂತಿಯ ಸುರುಳಿಗೆ ಈ ಭಾಗ್ಯವಿಲ್ಲ. ಆದರೆ ಅದೇ ಸವೆತದಿಂದ ರೋಧ ಶೇಕಡಾ 15 ಏರುತ್ತದೆ. ತಾಮ್ರದ ದಪ್ಪ 35 ಮೈಕ್ರಾನ್ ಎಂದು ನಕ್ಷೆಯಲ್ಲಿ ಬರೆದಿದ್ದರೂ ಹೊರಪದರದಲ್ಲಿ ಅದರ ಒಂದು ಭಾಗ ಲೇಪನದಿಂದ ಬರುವಂಥದು, ಹಾಳೆಯ ಅಂಚಿಗೂ ನಡುವಿಗೂ ಲೇಪನದಲ್ಲಿ ವ್ಯತ್ಯಾಸವಿರುತ್ತದೆ. 1.6 ಮಿಲಿಮೀಟರ್ ಬೋರ್ಡಿನ ದಪ್ಪಕ್ಕೆ ಶೇಕಡಾ 10ರ ಸಡಿಲ ರೂಢಿಯಲ್ಲಿದೆ, ಅದು ಎರಡು ಪದರಗಳ ಹೊಂದಿಕೆಯನ್ನು ಬದಲಿಸುತ್ತದೆ. 0.7 ಎಂದು ಹಿಡಿದ ಅಂಶ 0.6 ಆಗಿದ್ದರೆ 21ರ ಬದಲು 20 ಮೈಕ್ರೋಹೆನ್ರಿ. ಒಂದೇ ಕಾರ್ಖಾನೆಯ ಒಂದೇ ಸರಕಿನಲ್ಲಿ ಇಷ್ಟು ವ್ಯತ್ಯಾಸ ಬರದು. ಕಾರ್ಖಾನೆ ಬದಲಿಸಿದ ದಿನ ಬೋರ್ಡಿನ ಪದರಗಳ ಜೋಡಣೆಯೂ ಬದಲಾಗಿ ಇದು ಬರಬಹುದು. ಹಾಗಾಗಿ ಇಂಡಕ್ಟೆನ್ಸ್ ಒಂದನ್ನೇ ನಂಬದೆ ರೋಧ ಮತ್ತು ಗುಣಾಂಕ ಎರಡನ್ನೂ ನೋಡಬೇಕು. ನಮ್ಮ ಸುರುಳಿಗೆ 1.9 ಮೆಗಾಹರ್ಟ್ಸ್‌ನಲ್ಲಿ ಗುಣಾಂಕ 43 ಎಂದು ಸರಳ ಲೆಕ್ಕ ಹೇಳುತ್ತದೆ. ಪಕ್ಕದ ಸುತ್ತುಗಳ ಕ್ಷೇತ್ರದಿಂದ ಪ್ರವಾಹ ಗೆರೆಯ ಅಂಚಿಗೆ ಸರಿದು ಒತ್ತುವುದರಿಂದ ನಿಜವಾದ ಸಂಖ್ಯೆ ಅದಕ್ಕಿಂತ ಕಡಿಮೆ ಇರುತ್ತದೆ. ಎಷ್ಟು ಕಡಿಮೆ ಎಂಬುದನ್ನು ಅಳತೆಯೇ ಖಚಿತವಾಗಿ ಹೇಳಬೇಕು.

ಅಳೆಯುವುದರಲ್ಲೂ ದಾರಿ ತಪ್ಪಬಹುದು. ಕಾಲೇಜು ಪ್ರಯೋಗಾಲಯಗಳಲ್ಲಿ ಸಿಗುವ ಅಗ್ಗದ ಎಲ್‌ಸಿಆರ್ ಮೀಟರುಗಳು ಹೆಚ್ಚಾಗಿ 1 ಕಿಲೋಹರ್ಟ್ಸ್‌ನಲ್ಲಿ ಅಳೆಯುತ್ತವೆ. ಆ ಆವರ್ತನದಲ್ಲಿ 21 ಮೈಕ್ರೋಹೆನ್ರಿ ಒಡ್ಡುವ ತಡೆ 0.13 ಓಮ್, ಅದರ ಪಕ್ಕದಲ್ಲೇ ತಾಮ್ರದ 5.8 ಓಮ್ ರೋಧ ಕೂತಿದೆ. ಇಷ್ಟು ದೊಡ್ಡದರ ನೆರಳಲ್ಲಿ ಅಷ್ಟು ಸಣ್ಣದನ್ನು ಓದಿದ ಸಂಖ್ಯೆಗೆ ಬೆಲೆ ಕೊಡಲಾಗದು. ಕೆಲಸ ಮಾಡುವ ಆವರ್ತನದಲ್ಲೇ, ಅಂದರೆ 1.9 ಮೆಗಾಹರ್ಟ್ಸ್‌ನಲ್ಲೇ ಅಳೆಯಬೇಕು, ಅಲ್ಲಿ ಅದೇ ತಡೆ 250 ಓಮ್. ಮೀಟರಿನ ತಂತಿಗಳೂ ತಮ್ಮದೊಂದು ಪಾಲು ಸೇರಿಸುತ್ತವೆ, ಸೆಂಟಿಮೀಟರಿಗೆ ಸುಮಾರು 10 ನ್ಯಾನೋಹೆನ್ರಿ. ದೊಡ್ಡ ಸುರುಳಿಗೆ ಇದು ನಗಣ್ಯ, 1 ಮೈಕ್ರೋಹೆನ್ರಿಯ ಪುಟ್ಟ ಸುರುಳಿಗೆ ಅಲ್ಲ. ಆದ್ದರಿಂದ ತಂತಿಯ ತುದಿಗಳನ್ನು ಮೊದಲು ಸೇರಿಸಿ, ಬಳಿಕ ಬಿಡಿಸಿ, ಅವುಗಳ ಪಾಲನ್ನು ಕಳೆದುಕೊಂಡೇ ಮುಂದುವರಿಯಬೇಕು. ಆಮೇಲೆ ಆವರ್ತನವನ್ನು ಏರಿಸುತ್ತ ಹೋದರೆ ಒಂದು ಹಂತದಲ್ಲಿ ಸುರುಳಿ ತನ್ನ ಸುತ್ತುಗಳ ನಡುವಿನ ಕೆಪ್ಯಾಸಿಟೆನ್ಸಿನೊಂದಿಗೆ ತಾನೇ ಅನುರಣಿಸಿ, ಅದರಾಚೆ ಸುರುಳಿಯಂತೆ ವರ್ತಿಸುವುದನ್ನೇ ಬಿಡುತ್ತದೆ. ಕೆಲಸದ ಆವರ್ತನ ಇದರಿಂದ ಸಾಕಷ್ಟು ಕೆಳಗಿರಬೇಕು. ಪದರಗಳನ್ನು ಹತ್ತಿರ ತಂದರೆ ಕಾಂತಕ್ಷೇತ್ರದ ಹೊಂದಿಕೆ ಹೆಚ್ಚುತ್ತದೆ ಎಂದು ನಾಲ್ಕು ಪದರದ ಬೋರ್ಡಿಗೆ ಹೋದವರು ಇಲ್ಲಿ ಎಡವುತ್ತಾರೆ. ಪದರಗಳ ಅಂತರ 1.6ರಿಂದ 0.2 ಮಿಲಿಮೀಟರಿಗೆ ಇಳಿದರೆ ಅವುಗಳ ನಡುವಿನ ಕೆಪ್ಯಾಸಿಟೆನ್ಸ್ ಹಲವು ಪಟ್ಟು ಏರಿ ಈ ಮಿತಿ ಕೆಳಗಿಳಿಯುತ್ತದೆ. ಬೆರಳು ಮುಟ್ಟಿದರೂ, ಬೋರ್ಡ್ ತೇವ ಹೀರಿದರೂ ಓದು ಅಲುಗುತ್ತದೆ. ಗುರಿಯನ್ನು ಗೊತ್ತಾದ ದೂರದಲ್ಲಿ ನಿಲ್ಲಿಸುವಾಗಲೂ ಎಚ್ಚರ ಬೇಕು. ವರ್ಕ್‌ಶಾಪಿನ ಉಕ್ಕಿನ ಫೀಲರ್ ಗೇಜನ್ನು ನಡುವೆ ಇಟ್ಟರೆ ಅದೇ ಗುರಿಯಾಗಿಬಿಡುತ್ತದೆ. ದಪ್ಪ ಗೊತ್ತಿರುವ ಪ್ಲಾಸ್ಟಿಕ್ ಹಾಳೆಗಳೇ ಇಲ್ಲಿಗೆ ಸರಿ.

ಸುರುಳಿಯನ್ನು ಮೇಜಿನ ಮೇಲೆ ಅಳೆದರೆ ಸಾಲದು, ಅದು ಕೂರುವ ಜಾಗದಲ್ಲೂ ಅಳೆಯಬೇಕು ಎಂಬುದಕ್ಕೆ ಇತಿಹಾಸದಲ್ಲಿ ದಾರುಣವಾದ ಪ್ರಕರಣವೊಂದಿದೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರಿಗೆ ಗುಂಡು ತಗುಲಿತು. ಗುಂಡು ದೇಹದಲ್ಲಿ ಎಲ್ಲಿದೆ ಎಂದು ವೈದ್ಯರಿಗೆ ತಿಳಿಯಲಿಲ್ಲ, ಎಕ್ಸ್‌ರೇ ಕಂಡುಹಿಡಿಯಲು ಇನ್ನೂ 14 ವರ್ಷವಿತ್ತು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮುಂದೆ ಬಂದರು. ಎರಡು ಸುರುಳಿಗಳ ಸಮತೋಲ ಲೋಹದಿಂದ ಕೆಡುವುದನ್ನು ಟೆಲಿಫೋನ್ ರಿಸೀವರಿನಲ್ಲಿ ಕೇಳುವ ಉಪಕರಣವನ್ನು ಅವಸರದಲ್ಲಿ ಸಿದ್ಧಪಡಿಸಿದರು. ಪ್ರಯೋಗಶಾಲೆಯಲ್ಲಿ ಅದು ಕೆಲಸ ಮಾಡಿತು, ಶ್ವೇತಭವನದ ಹಾಸಿಗೆಯ ಬಳಿ ಮಾತ್ರ ಗೊಂದಲದ ಸದ್ದು ಕೇಳಿಸಿತು. ಮೇಲಿನ ಹಾಸಿಗೆಯ ಕೆಳಗೆ ಉಕ್ಕಿನ ತಂತಿಗಳ ಇನ್ನೊಂದು ಹಾಸಿಗೆ ಇದ್ದದ್ದು ಆಮೇಲೆ ಗೊತ್ತಾಯಿತು. ಮುಖ್ಯ ವೈದ್ಯರು ದೇಹದ ಬಲಭಾಗದಲ್ಲಿ ಮಾತ್ರ ಹುಡುಕಲು ಬಿಟ್ಟಿದ್ದರು, ಮರಣೋತ್ತರ ಪರೀಕ್ಷೆಯಲ್ಲಿ ಗುಂಡು ಬೆನ್ನುಮೂಳೆಯ ಎಡಕ್ಕೆ ಸಿಕ್ಕಿತು. ಸೋಲಿಗೆ ಯಾವುದರ ಪಾಲು ಹೆಚ್ಚು ಎಂಬ ಬಗ್ಗೆ ಭಿನ್ನಾಭಿಪ್ರಾಯವಿದೆ. ನಮ್ಮ ಮಾತಿಗೆ ಬೇಕಾದ ಅಂಶದಲ್ಲಿ ಅನುಮಾನವಿಲ್ಲ: ಸುರುಳಿ ತನ್ನ ಸುತ್ತಲಿನ ಎಲ್ಲ ಲೋಹವನ್ನೂ ನೋಡುತ್ತದೆ, ನಾವು ತೋರಿಸಿದ್ದನ್ನು ಮಾತ್ರವಲ್ಲ. ಇಂದಿನ ಬೋರ್ಡಿನಲ್ಲಿ ಉಕ್ಕಿನ ಹಾಸಿಗೆಯ ಜಾಗದಲ್ಲಿ ಬಿಗಿಯುವ ಸ್ಕ್ರೂ ಇದೆ, ಬ್ಯಾಟರಿಯ ಡಬ್ಬಿ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ಸುರುಳಿಯ ಕೆಳಗೆ ಅಭ್ಯಾಸಬಲದಿಂದ ಹರಡಿದ ಗ್ರೌಂಡ್ ತಾಮ್ರ ಇದೆ. ಆ ಕನ್ನಡಿಯ ಚಿತ್ರ ಇಲ್ಲೂ ಅನ್ವಯಿಸುತ್ತದೆ. ಸುರುಳಿಯ ಬೆನ್ನಿಗೇ ತಾಮ್ರದ ಹಾಸು ಇದ್ದರೆ ಉಲ್ಟಾ ಬಿಂಬ ಶಾಶ್ವತವಾಗಿ ಅಂಟಿಕೊಂಡು ಇಂಡಕ್ಟೆನ್ಸನ್ನು ತಿಂದುಹಾಕುತ್ತದೆ, ನಿಜವಾದ ಗುರಿಗೆ ಬದಲಿಸಲು ಏನೂ ಉಳಿಯುವುದಿಲ್ಲ.

ಸಾಫ್ಟ್‌ವೇರ್ ಬರೆಯುವವರಿಂದ ಬರುವ ಮೂರನೆಯ ಆಕ್ಷೇಪ ಹೀಗಿದೆ: ಈಗಿನ ಚಿಪ್‌ಗಳು ಅಷ್ಟು ಸೂಕ್ಷ್ಮವಾಗಿರುವಾಗ, ಸುರುಳಿ ಹೇಗಿದ್ದರೇನು, ಕೊನೆಯಲ್ಲಿ ಕ್ಯಾಲಿಬ್ರೇಷನ್ ಮಾಡಿದರಾಯಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 2013ರಲ್ಲಿ ಇಂಡಕ್ಟೆನ್ಸನ್ನು ನೇರವಾಗಿ ಅಂಕಿಯಾಗಿಸುವ ಎಲ್‌ಡಿಸಿ1000 ಚಿಪ್ ತಂದಿತು. ಆ ಸಾಲಿನ ಮುಂದಿನ ಚಿಪ್‌ಗಳು 28 ಬಿಟ್‌ಗಳಲ್ಲಿ ಓದು ಕೊಡುತ್ತವೆ, ಅಂದರೆ 26 ಕೋಟಿಗೂ ಹೆಚ್ಚು ಮೆಟ್ಟಿಲುಗಳು. ಆದರೆ ಮೆಟ್ಟಿಲುಗಳ ಸಂಖ್ಯೆ ಓದು ಸರಿಯೆಂಬುದಕ್ಕೆ ಸಾಕ್ಷಿಯಲ್ಲ. ಕ್ಯಾಲಿಬ್ರೇಷನ್ ತಿದ್ದುವುದು ಸ್ಥಿರವಾಗಿ ನಿಲ್ಲುವ ತಪ್ಪನ್ನು ಮಾತ್ರ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶೇಕಡಾ 0.39 ಏರುತ್ತದೆ, 50 ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 20. ಅದೇ ಬಿಸಿಗೆ ಬೋರ್ಡ್ ಹಿಗ್ಗುವುದರಿಂದ ಇಂಡಕ್ಟೆನ್ಸ್ ಬದಲಾಗುವುದು ಶೇಕಡಾ 0.1ರೊಳಗೆ. ಆದ್ದರಿಂದ ಆವರ್ತನ ಎಣಿಸುವ ಸೆನ್ಸರ್ ಬಿಸಿಗೆ ಗಟ್ಟಿ, ಸುರುಳಿಯಲ್ಲಾಗುವ ಶಕ್ತಿಯ ನಷ್ಟ ಅಳೆಯುವ ಸೆನ್ಸರ್ ಸೂಕ್ಷ್ಮ. ಈ ಗಟ್ಟಿತನವೂ ಪಕ್ಕದ ಕೆಪ್ಯಾಸಿಟರ್ ಸರಿಯಿದ್ದರೆ ಮಾತ್ರ. ಸಿ0ಜಿ ಬಗೆಯದು ಡಿಗ್ರಿಗೆ ಹತ್ತು ಲಕ್ಷದಲ್ಲಿ 30 ಭಾಗದೊಳಗೆ ಸರಿದಾಡುತ್ತದೆ. ಹಣ ಉಳಿಸಲು ಎಕ್ಸ್7ಆರ್ ಹಾಕಿದರೆ ತಾಪದ ಪೂರ್ತಿ ವ್ಯಾಪ್ತಿಯಲ್ಲಿ ಶೇಕಡಾ 15ರವರೆಗೆ ಸರಿಯಬಹುದು, ಆಗ ಚಿಪ್ ತನ್ನ 26 ಕೋಟಿ ಮೆಟ್ಟಿಲುಗಳಲ್ಲಿ ಕೋಣೆಯ ಉಷ್ಣತೆಯನ್ನೇ ಅಳೆಯುತ್ತಿರುತ್ತದೆ. ಒಂದು ತಾಪದಲ್ಲಿ ಮಾಡಿದ ಕ್ಯಾಲಿಬ್ರೇಷನ್ ಇದನ್ನು ಸರಿಪಡಿಸಲಾರದು, ಅಂಟಿಕೊಂಡ ಸುತ್ತನ್ನಂತೂ ಬಿಡಿಸಲಾರದು.

ಕೋನ ಅಳೆಯುವ ಸೆನ್ಸರುಗಳಲ್ಲಿ ಪಣ ಇನ್ನೂ ದೊಡ್ಡದು. ಮೋಟಾರಿನ ಸುತ್ತ ಕೂರುವ ಇಂಥ ಬೋರ್ಡಿನಲ್ಲಿ ಕ್ಷೇತ್ರ ಹುಟ್ಟಿಸುವ ಒಂದು ಸುರುಳಿ, ಅದನ್ನು ಗ್ರಹಿಸುವ ಎರಡು ಸುರುಳಿ. ಗ್ರಾಹಕ ಸುರುಳಿಗಳನ್ನು ಸೈನ್ ಅಲೆಯ ಆಕಾರದಲ್ಲಿ ಬರೆದು, ಒಂದನ್ನು ಇನ್ನೊಂದರಿಂದ ಕಾಲು ಅಲೆಯಷ್ಟು ಸರಿಸಿರುತ್ತಾರೆ. ಪ್ರತಿ ಗ್ರಾಹಕದಲ್ಲೂ ಅರ್ಧ ಭಾಗ ಒಂದು ದಿಕ್ಕಿಗೆ, ಅರ್ಧ ಇನ್ನೊಂದಕ್ಕೆ ತಿರುಗುವುದರಿಂದ ಲೋಹದ ರೋಟರ್ ಇಲ್ಲದಾಗ ಸಿಗುವ ವೋಲ್ಟೇಜ್ ಸೊನ್ನೆಯಾಗಬೇಕು. ಈ ಸೊನ್ನೆಯೇ ಅತ್ಯುತ್ತಮ ಪರೀಕ್ಷೆ. ಗುರಿ ತೆಗೆದಿಟ್ಟು ನೋಡಿದಾಗ ಏನಾದರೂ ಉಳಿದರೆ, ಪದರಗಳನ್ನು ದಾಟಿಸುವ ರಂಧ್ರಗಳೋ ಹೊರಕ್ಕೆ ಹೋಗುವ ತಂತಿಗಳೋ ಸಮತೋಲ ಕೆಡಿಸಿವೆ ಎಂದರ್ಥ. ಉಳಿಕೆ ಸಂಕೇತದ ಶೇಕಡಾ 1ರಷ್ಟಿದ್ದರೆ ಕೋನದಲ್ಲಿ ವಿದ್ಯುತ್ ಲೆಕ್ಕದ 0.57 ಡಿಗ್ರಿ ತಪ್ಪು ಬರುತ್ತದೆ. ಎರಡು ಗ್ರಾಹಕಗಳ ಸಂಕೇತದ ಎತ್ತರದಲ್ಲಿ ಶೇಕಡಾ 1 ವ್ಯತ್ಯಾಸವಿದ್ದರೆ ಅದರರ್ಧ. ಈ ಎರಡು ಸಂಕೇತಗಳನ್ನು ಆಸಿಲೋಸ್ಕೋಪಿನಲ್ಲಿ ಒಂದಕ್ಕೊಂದು ಎದುರಿಟ್ಟು ರೋಟರ್ ತಿರುಗಿಸಿದರೆ ವೃತ್ತ ಮೂಡಬೇಕು. ವೃತ್ತ ಮೊಟ್ಟೆಯಾದರೆ ಎತ್ತರದ ತಪ್ಪು, ನಡುವಿನಿಂದ ಸರಿದರೆ ಉಳಿಕೆಯ ತಪ್ಪು. ಚಿಕ್ಕ ಉಳಿಕೆಯನ್ನು ಚಿಪ್ ತಾನೇ ಕಳೆಯಬಲ್ಲದು, ಅದಕ್ಕೆ ಅಡ್ಡಿಯಿಲ್ಲ. ಬೋರ್ಡಿನ ಮೂಲ ಸಮತೋಲವೇ ಕೆಟ್ಟಿದ್ದರೆ ಆ ತಿದ್ದುಪಡಿ ಪ್ರತಿ ತಾಪದಲ್ಲೂ ಪ್ರತಿ ಅಂತರದಲ್ಲೂ ಬೇರೆಯಾಗಿರಬೇಕಾಗುತ್ತದೆ.

ಖರ್ಚಿನ ಮಾತು ಉಳಿಯಿತು. ಸಣ್ಣ ಉದ್ದಿಮೆಗಳು ಪ್ರತಿ ಬೋರ್ಡನ್ನೂ ದುಬಾರಿ ಯಂತ್ರದಲ್ಲಿ ಅಳೆಯಲಾರವು, ಅದನ್ನು ಕೇಳುವುದೂ ತಪ್ಪು. ಆದರೆ ಅದರ ಅಗತ್ಯವೂ ಇಲ್ಲ. ಪೂರ್ತಿ ಅಳತೆ, ಅಂದರೆ ಆವರ್ತನದ ಸಾಲು, ತಾಪ, ಗುರಿಯ ದೂರ, ಪೆಟ್ಟಿಗೆಯೊಳಗಿನ ಓದು, ಮೊದಲ ಸರಕಿನ ಕೆಲವು ಬೋರ್ಡುಗಳಿಗೆ ಸಾಕು. ಆಮೇಲೆ ಬೋರ್ಡಿನ ಮೇಲಿರುವ ಚಿಪ್ಪೇ ಅಳತೆಗಾರ. ಗುರಿಯಿಲ್ಲದಾಗ ಆವರ್ತನ ಎಷ್ಟು, ನಷ್ಟ ಎಷ್ಟು ಎಂಬ ಎರಡು ಸಂಖ್ಯೆಗಳನ್ನು ಜೋಡಣೆಯ ಕೊನೆಯಲ್ಲಿ ಓದಿದರೆ ಉಲ್ಟಾ ಪದರ, ಅಂಟಿದ ಸುತ್ತು, ತಪ್ಪು ಮೌಲ್ಯದ ಕೆಪ್ಯಾಸಿಟರ್ ಮೂರೂ ಹೊರಬೀಳುತ್ತವೆ. ಉಲ್ಟಾ ಪದರವಿದ್ದರೆ ಆವರ್ತನ ಎರಡು ಪಟ್ಟಿಗೂ ಮೇಲೆ ಹಾರಿರುತ್ತದೆ, ಅದನ್ನು ಕಾಣಲು ತಜ್ಞ ಬೇಕಿಲ್ಲ. ಆ ಓದಿಗೆ ತಗಲುವುದು ಒಂದು ಸೆಕೆಂಡಿಗಿಂತ ಕಡಿಮೆ. ತಪ್ಪಿದ ಸೆನ್ಸರನ್ನು ವಾಹನದಿಂದ ಬಿಚ್ಚಿ ಬದಲಿಸುವ ಖರ್ಚಿನ ಮುಂದೆ ಇದು ಲೆಕ್ಕಕ್ಕೇ ಬಾರದು.

ಈ ವಿಷಯ ಕರ್ನಾಟಕಕ್ಕೆ ದೂರದ್ದಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು, ನಂಜನಗೂಡಿನಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಂಪನಿ ಸರ್ಕ್ಯೂಟ್ ಬೋರ್ಡ್ ತಯಾರಿಸುತ್ತದೆ. ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಬೋಧಪ್ರದವಾದ ಪ್ರಯೋಗ ಸಿಗುವುದು ಕಷ್ಟ. ಹತ್ತು ಸೆಂಟಿಮೀಟರ್ ಬೋರ್ಡಿನಲ್ಲಿ ಹಲವು ಸುರುಳಿ ಹಿಡಿಸುತ್ತವೆ. ಬೇಕೆಂದೇ ಒಂದರ ಪದರವನ್ನು ಉಲ್ಟಾ ಮಾಡಿ, ಒಂದರಲ್ಲಿ ಎರಡು ಸುತ್ತು ಅಂಟಿಸಿ, ಒಂದರ ಕೆಳಗೆ ತಾಮ್ರ ಹರಡಿ ಮಾಡಿಸಿದರೆ ಪಠ್ಯದಲ್ಲಿ ಓದಿದ ಫ್ಯಾರಡೆ ಅಳತೆಯಲ್ಲಿ ಎದುರಾಗುತ್ತಾನೆ. ಉದ್ಯಮದಲ್ಲಿ ಸುರುಳಿ ಬರೆಯುವವರಲ್ಲಿ ಒಂದು ಕೋರಿಕೆ. ಬೋರ್ಡ್ ಕಾರ್ಖಾನೆಗೆ ಕಳಿಸುವ ನಕ್ಷೆಯ ಮೇಲೆ ತಾಮ್ರದ ದಪ್ಪ, ರಂಧ್ರದ ಗಾತ್ರ ಬರೆಯುವ ಜಾಗದಲ್ಲೇ ಇನ್ನೂ ಮೂರು ಮಾತು ಸೇರಿಸಿ: ಈ ಸುರುಳಿಯ ಇಂಡಕ್ಟೆನ್ಸ್ ಯಾವ ಆವರ್ತನದಲ್ಲಿ ಎಷ್ಟಿರಬೇಕು, ಗುಣಾಂಕ ಎಷ್ಟಕ್ಕಿಂತ ಕೆಳಗಿಳಿಯಬಾರದು, ಅದನ್ನು ಯಾರು ಅಳೆಯಬೇಕು.